ಹಳೆಯ ಕಂಪ್ಯೂಟರಿಗೆ ಡಯಲ್-ಅಪ್: ಯಾವ ಮೋಡೆಮ್ ಹಾಕೋದು?

ಹಳೆಯ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ವಿಂಡೋಸ್ 98 ಬೂಟ್ ಆಯಿತು, ಫ್ಲಾಪಿಯೂ ಓದುತ್ತಿದೆ, ಇನ್ನು ಇಂಟರ್ನೆಟ್ ಬೇಕು. ಅದೂ ಹಿಂದಿನ ಹಾಗೇ, ಫೋನ್ ಲೈನಿನಲ್ಲಿ, ಆ ಕೀರಲು ಸದ್ದಿನ ಜೊತೆಗೆ. ಅದಕ್ಕೆ ಕಂಪ್ಯೂಟರಿನ ಬಿಟ್ಟುಗಳನ್ನು ಫೋನ್ ಲೈನಿನ ಸದ್ದಾಗಿ ಬದಲಿಸುವ ಮೋಡೆಮ್ ಬೇಕು. ಹುಡುಕಲು ಹೊರಟರೆ ಒಳಗೆ ಕೂರಿಸುವ ಕಾರ್ಡು, ಹೊರಗೆ ಇಡುವ ಡಬ್ಬಿ, ಯುಎಸ್‌ಬಿ ಮೋಡೆಮ್, ವೈಫೈ ಮೋಡೆಮ್ ಎಂದು ರಾಶಿ ಬೀಳುತ್ತದೆ. ಹೆಚ್ಚಿನವುಗಳ ಮೇಲೆ 56ಕೆ, ಅಂದರೆ ಸೆಕೆಂಡಿಗೆ 56,000 ಬಿಟ್ ವೇಗ, ಎಂದೇ ಬರೆದಿರುತ್ತದೆ. ಹಾಗಾದರೆ ಯಾವುದನ್ನು ಕೊಂಡರೂ ಒಂದೇ ಅಲ್ವಾ?

ಒಂದೇ ಅಲ್ಲ. ಡಬ್ಬಿಯ ಮೇಲಿನ ಆ ಅಂಕಿಯನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ನೋಡಬೇಕಾದ್ದು ಲೈನಿನ ಆ ತುದಿಯನ್ನು. ಒಂದೇ ಕೈಯಲ್ಲಿ ಚಪ್ಪಾಳೆ ಆಗೋದಿಲ್ಲ. ನಿಮ್ಮ ಮೋಡೆಮ್ ಕರೆ ಮಾಡಿದಾಗ ಆ ಕಡೆ ಇನ್ನೊಂದು ಮೋಡೆಮ್ ಎತ್ತಿಕೊಳ್ಳಬೇಕು. ಎತ್ತುವವರೇ ಇಲ್ಲ ಅಂದರೆ ಎಷ್ಟು ಒಳ್ಳೆಯ ಮೋಡೆಮ್ ತಂದರೂ ಅದು ಸುಮ್ನೆ ನಂಬರ್ ಒತ್ತುತ್ತಾ ಕೂರುತ್ತದೆ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಹಾಗಾಗಿ ಮೊದಲನೇ ಪ್ರಶ್ನೆ: ಆ ಕಡೆ ಯಾರಿದ್ದಾರೆ? ಡಯಲ್-ಅಪ್ ಸೇವೆ ಕೊಡುವ ಕಂಪನಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಡಯಲ್-ಅಪ್ ಅಂದರೆ ಇವರೇ ಎನ್ನುವಷ್ಟು ಹೆಸರು ಮಾಡಿದ್ದ ಅಮೆರಿಕದ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ನಿಲ್ಲಿಸಿತು. ಆದ್ದರಿಂದ ಮೋಡೆಮ್‌ಗೆ ದುಡ್ಡು ಕೊಡುವ ಮುಂಚೆ ಸೇವೆ ಇದೆಯಾ, ಹೊಸ ಖಾತೆ ಕೊಡುತ್ತಾರಾ, ಕರೆಗೆ ನಿಮಿಷದ ಲೆಕ್ಕವಾ ಅಂತ ವಿಚಾರಿಸಿ. ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಅವರು ಕೊಟ್ಟ ನಂಬರಿಗೆ ಮಾಮೂಲಿ ಫೋನಿನಿಂದ ಕರೆ ಮಾಡಿ. ಎತ್ತಿದ ಕೂಡಲೇ ಉದ್ದಕ್ಕೆ ಸಿಳ್ಳೆ ಹಾಕಿದ ಹಾಗೆ ಕೇಳಿಸಿದರೆ ಆ ಕಡೆ ಮೋಡೆಮ್ ಬದುಕಿದೆ.

ಎರಡನೆಯದು ನಿಮ್ಮ ಲೈನು. ಕಂಬದಿಂದ ತಾಮ್ರದ ತಂತಿ ನೇರ ಮನೆಗೆ ಬರುತ್ತದಾ, ಅಥವಾ ಫೈಬರ್ ಡಬ್ಬಿಯ ಹಿಂದೆ ಫೋನ್ ಚುಚ್ಚಿದ್ದೀರಾ? ಎರಡರಲ್ಲೂ ಡಯಲ್ ಟೋನ್ ಒಂದೇ ಥರ ಕೇಳುತ್ತದೆ. ಒಳಗಿನ ಕೆಲಸ ಬೇರೆ. ಫೈಬರ್ ಡಬ್ಬಿ ಸದ್ದನ್ನು ಚಿಕ್ಕ ಚಿಕ್ಕ ಪ್ಯಾಕೆಟ್ ಮಾಡಿ ಕಳಿಸುತ್ತದೆ. ನಡುವೆ ಒಂದು ಪ್ಯಾಕೆಟ್ ಬಿದ್ದುಹೋದರೆ ನಮ್ಮ ಕಿವಿಗೆ ಗೊತ್ತೇ ಆಗೋದಿಲ್ಲ. ಮೋಡೆಮ್‌ಗೆ ಮಾತ್ರ ಆ ಚೂರು ಸದ್ದಿನಲ್ಲೇ ಎಷ್ಟೋ ಅಕ್ಷರ ಹೋಗಿರುತ್ತವೆ. ಅಂಥ ಲೈನಿನಲ್ಲಿ ವೇಗ ಕಡಿಮೆ ಸಿಗುತ್ತದೆ, ಸಂಪರ್ಕವೂ ಆಗಾಗ ಕಡಿಯುತ್ತದೆ.

ಮೂರನೆಯದು ಕಂಪ್ಯೂಟರು. ಹಿಂಭಾಗದಲ್ಲಿ 9 ಅಥವಾ 25 ಪಿನ್ನಿನ ಸೀರಿಯಲ್ ಪೋರ್ಟ್ ಇದೆಯಾ? ಮುಚ್ಚಳ ತೆಗೆದರೆ ಉದ್ದನೆಯ ಕಪ್ಪು ಐಎಸ್‌ಎ ಸ್ಲಾಟ್ ಕಾಣುತ್ತದಾ, ಗಿಡ್ಡನೆಯ ಬಿಳಿ ಪಿಸಿಐ ಸ್ಲಾಟ್ ಕಾಣುತ್ತದಾ? ಪ್ರೊಸೆಸರ್ ಯಾವುದು, ವಿಂಡೋಸ್ ಯಾವುದು? ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಅರ್ಧ ತಲೆಬಿಸಿ ಅಲ್ಲೇ ಕಡಿಮೆಯಾಗುತ್ತದೆ.

ಕೊನೆಯದು, ಸಂಪರ್ಕ ಸಿಕ್ಕಮೇಲೆ ಏನು ಮಾಡುತ್ತೀರಿ ಅನ್ನೋದು. ಹಳೆಯ ಅನುಭವ ಬೇಕಾ, ಹಳೆಯ ಯಂತ್ರಕ್ಕೆ ಫೈಲ್ ತಲುಪಿಸಬೇಕಾ, ಅಥವಾ ಬೇರೆ ದಾರಿಯೇ ಇಲ್ಲದ ಜಾಗದಲ್ಲಿ ಮೇಲ್ ನೋಡಬೇಕಾ? ಮೂರಕ್ಕೂ ಉತ್ತರ ಬೇರೆ ಬೇರೆ.

56ಕೆ ಎಂಬ ಅಂಕಿ

ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. 1994ರಲ್ಲಿ ಬಂದ ವಿ.34 ಎಂಬ ಮಾನದಂಡ ಸೆಕೆಂಡಿಗೆ 28,800 ಬಿಟ್ ಕೊಡುತ್ತಿತ್ತು, ಆಮೇಲೆ ಅದೇ 33,600ಕ್ಕೆ ಏರಿತು. ನಂತರ ಎಕ್ಸ್2 ಮತ್ತು ಕೆ56ಫ್ಲೆಕ್ಸ್ ಎಂದು ಎರಡು ಪಂಗಡ ಹುಟ್ಟಿ, ಒಂದರ ಮೋಡೆಮ್ ಇನ್ನೊಂದರ ಜೊತೆ 56ಕೆಯಲ್ಲಿ ಮಾತಾಡದೆ ಕೊಂಡವರು ಪರದಾಡಿದರು. 1998ರಲ್ಲಿ ವಿ.90 ಬಂದು ಆ ಜಗಳ ಮುಗಿಯಿತು. 2000ದಲ್ಲಿ ಬಂದ ವಿ.92 ನಾವು ಕಳಿಸುವ ವೇಗವನ್ನು 48,000ದವರೆಗೆ ಏರಿಸಿತು. ವಿ.90ರಲ್ಲಿ ಅದು 33,600ಕ್ಕೆ ನಿಂತಿತ್ತು.

ಮುಖ್ಯ ಮಾತು ಏನೆಂದರೆ, 56ಕೆ ಸಿಗಬೇಕಾದರೆ ಆ ತುದಿ ಡಿಜಿಟಲ್ ಆಗಿರಬೇಕು. ಸೇವೆ ಕೊಡುವ ಕಂಪನಿಯ ಉಪಕರಣ ಫೋನ್ ಎಕ್ಸ್‌ಚೇಂಜಿಗೆ ಡಿಜಿಟಲ್ ಲೈನಿನಲ್ಲಿ ಸೇರಿರಬೇಕು. ಮನೆಯಲ್ಲಿಡುವ ಎರಡು ಮಾಮೂಲಿ ಮೋಡೆಮ್‌ಗಳ ನಡುವೆ ಎಷ್ಟು ಗುದ್ದಾಡಿದರೂ 33,600 ದಾಟೋದಿಲ್ಲ. ಅದು ಮೋಡೆಮ್‌ನ ದೋಷವಲ್ಲ. ಒಳ್ಳೆಯ ತಾಮ್ರದ ಲೈನು, ಆ ಕಡೆ ಡಿಜಿಟಲ್ ಉಪಕರಣ ಇದ್ದರೂ ಕೈಗೆ ಸಿಗುವುದು 44,000ದಿಂದ 50,000ದ ಆಸುಪಾಸು. ಅಂದರೆ 1 ಎಂಬಿ ಫೈಲಿಗೆ ಸುಮಾರು 3 ನಿಮಿಷ. 33,600ರಲ್ಲಿ 4 ನಿಮಿಷ. ಒಂದು ಸಿಡಿಯಷ್ಟು, ಅಂದರೆ 650 ಎಂಬಿ ಇಳಿಸಿಕೊಳ್ಳಲು ಒಂದೂವರೆ ದಿನ ಹತ್ತಿರ ಹತ್ತಿರ ಬೇಕು.

ಹೊರಗೆ ಇಡುವ ಸೀರಿಯಲ್ ಮೋಡೆಮ್

ಯಾವುದು ತಗೊಳ್ಳಲಿ ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದೊಂದು ಪ್ರತ್ಯೇಕ ಡಬ್ಬಿ. ಅದರದ್ದೇ ಪವರ್, ಅದರದ್ದೇ ಸ್ಪೀಕರ್, ಮುಂದೆ ಸಾಲಾಗಿ ದೀಪಗಳು. ಕಂಪ್ಯೂಟರಿಗೂ ಇದಕ್ಕೂ ಇರುವುದು ಒಂದು ಸೀರಿಯಲ್ ಕೇಬಲ್ಲಿನ ಸಂಬಂಧ ಮಾತ್ರ. ಹಾಗಾಗಿ ಡಾಸ್, ವಿಂಡೋಸ್ 3.1, 95, 98, ಎಕ್ಸ್‌ಪಿ, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಡ್ರೈವರ್ ಸಿಡಿ ಕಳೆದುಹೋಗಿದ್ದರೂ ಪರವಾಗಿಲ್ಲ, ವಿಂಡೋಸ್‌ನ ಪಟ್ಟಿಯಲ್ಲಿ ‘ಸ್ಟ್ಯಾಂಡರ್ಡ್ ಮೋಡೆಮ್ ಟೈಪ್ಸ್’ ಅಂತ ಇರುವುದನ್ನು ಆರಿಸಿದರೆ ಕೆಲಸ ನಡೆಯುತ್ತದೆ. ಇದಕ್ಕೆಲ್ಲ ಕಾರಣ ಹೇಯ್ಸ್ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್. ಇಂಗ್ಲಿಷಿನ ಎ, ಟಿ ಅಕ್ಷರಗಳಿಂದ ಶುರುವಾಗುವ ಅದರ ಆಜ್ಞೆಗಳನ್ನೇ ಆಮೇಲೆ ಎಲ್ಲರೂ ಹಿಡಿದುಕೊಂಡರು. ಹೈಪರ್‌ಟರ್ಮಿನಲ್ ತೆರೆದು ಎಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಓಕೆ ಎಂದು ಉತ್ತರ ಬಂದರೆ ಮೋಡೆಮ್ ಮತ್ತು ಕೇಬಲ್ ಎರಡೂ ಸರಿ ಇವೆ.

ಆ ದೀಪಗಳ ಬೆಲೆ ಗೊತ್ತಾಗುವುದು ಏನಾದರೂ ಕೆಟ್ಟಾಗ. ಒಮ್ಮೆ ಪರಿಚಯದವರ ಮನೆಯಲ್ಲಿ ಸಂಪರ್ಕ ಆಗುತ್ತಲೇ ಇರಲಿಲ್ಲ. ಮೋಡೆಮ್ ಹೋಗಿದೆ, ಬೇರೆ ತರಬೇಕು ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಡಬ್ಬಿಯ ಮುಂದೆ ಕೂತು ನೋಡಿದೆ. ಓಎಚ್ ಎಂದು ಬರೆದ ದೀಪ ಹತ್ತಿತು, ಅಂದರೆ ಲೈನ್ ಎತ್ತಿದೆ. ಕೀರಲು ಸದ್ದು ಮುಗಿದು ಸಿಡಿ ಎಂಬ ದೀಪವೂ ಹತ್ತಿತು, ಅಂದರೆ ಆ ಕಡೆಯ ಮೋಡೆಮ್ ಕೈಗೆ ಸಿಕ್ಕಿದೆ. ಎಸ್‌ಡಿ, ಆರ್‌ಡಿ ಎರಡೂ ನಾಲ್ಕೈದು ಸಲ ಮಿಣುಕಿದವು, ಅಂದರೆ ಮಾಹಿತಿ ಹೋಗಿ ಬಂದಿದೆ. ಆಮೇಲೆ ಸಿಡಿ ಆರಿತು. ಲೈನು ಸರಿ, ಮೋಡೆಮ್ ಸರಿ, ಮಾತುಕತೆಯೂ ನಡೆದಿದೆ. ಇನ್ನು ಉಳಿದಿದ್ದು ಪಾಸ್‌ವರ್ಡ್. ಹೋಗಿ ನೋಡಿದರೆ ಕ್ಯಾಪ್ಸ್ ಲಾಕ್ ಬಿದ್ದಿತ್ತು. ಒಳಗಿನ ಕಾರ್ಡಿನಲ್ಲಿ ಈ ದೀಪಗಳಿಲ್ಲ, ಹಾಗಾಗಿ ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಊಹೆಯೇ.

ಸಿಡಿಲಿನ ವಿಷಯವೂ ಇದೆ. ನನ್ನ ಮೊದಲ ಕಂಪ್ಯೂಟರಿನಲ್ಲಿ ಇದ್ದದ್ದು ಒಳಗಿನ ಕಾರ್ಡು. ಒಂದು ರಾತ್ರಿ ಗುಡುಗಿನ ಮಳೆ, ಫೋನ್ ತಂತಿ ತೆಗೆಯಲು ಮರೆತೆ. ಬೆಳಗ್ಗೆ ಮೋಡೆಮ್ ಮಾತ್ರ ಅಲ್ಲ, ಮದರ್‌ಬೋರ್ಡೂ ಸತ್ತಿತ್ತು. ಕಾರ್ಡ್ ಹೊರಗೆ ತೆಗೆದಾಗ ಫೋನ್ ಜಾಕಿನ ಹಿಂದೆ ಉಗುರಿನಷ್ಟು ಜಾಗ ಕಪ್ಪಗೆ ಸುಟ್ಟು, ಪಕ್ಕದ ಚಿಪ್ಪಿನ ತಲೆ ಸೀಳಿತ್ತು. ಹೊರಗಿನ ಡಬ್ಬಿಗೂ ಸಿಡಿಲು ಬಡಿದರೆ ಅದು ಉಳಿಯೋದಿಲ್ಲ. ಆದರೆ ಪೆಟ್ಟು ಅಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಯಾವ ಮೋಡೆಮ್ ಆದರೂ ಮೋಡ ಕಟ್ಟಿದಾಗ ಫೋನ್ ತಂತಿಯನ್ನು ಗೋಡೆಯಿಂದ ಕಿತ್ತಿಡಿ.

ಇದರ ತೊಂದರೆಗಳನ್ನೂ ಹೇಳಬೇಕು. ಬೆಲೆ ಒಳಗಿನ ಕಾರ್ಡಿಗಿಂತ ಜಾಸ್ತಿ. ಹಳೆಯದು ಕೊಳ್ಳುವಾಗ ಅಡಾಪ್ಟರ್ ಜೊತೆಗಿಲ್ಲದಿದ್ದರೆ ಎಚ್ಚರ. ಕೆಲವು ಮೋಡೆಮ್‌ಗಳಿಗೆ ಡಿಸಿ ಅಲ್ಲ, ಎಸಿ ಕೊಡುವ ಅಡಾಪ್ಟರೇ ಬೇಕು. ಪಿನ್ ಕೂರುತ್ತದೆ ಅಂತ ಸಿಕ್ಕಿದ್ದನ್ನು ಚುಚ್ಚಿದರೆ ಸುಟ್ಟೀತು, ಡಬ್ಬಿಯ ಅಡಿಯ ಚೀಟಿ ಓದಿ. ಕೇಬಲ್ ನೇರ ಜೋಡಣೆಯ ಮೋಡೆಮ್ ಕೇಬಲ್ ಆಗಿರಬೇಕು, ಎರಡು ಕಂಪ್ಯೂಟರ್ ಸೇರಿಸುವ ನಲ್-ಮೋಡೆಮ್ ಕೇಬಲ್ ಆಗಬಾರದು. ನೋಡಲು ಎರಡೂ ಒಂದೇ ಥರ.

ಇನ್ನೊಂದು ಒಳಗುಟ್ಟು. 486 ಪ್ರೊಸೆಸರಿನ ಅಥವಾ ಅದಕ್ಕೂ ಹಳೆಯ ಯಂತ್ರದಲ್ಲಿ ಸೀರಿಯಲ್ ಪೋರ್ಟಿನ ಚಿಪ್ಪು 8250 ಅಥವಾ 16450 ಇರಬಹುದು. ಇವು ಒಂದು ಸಲಕ್ಕೆ ಒಂದೇ ಬೈಟ್ ಹಿಡಿದಿಟ್ಟುಕೊಳ್ಳುತ್ತವೆ. ಪ್ರೊಸೆಸರ್ ಬಂದು ಎತ್ತಿಕೊಳ್ಳುವಷ್ಟರಲ್ಲಿ ಮುಂದಿನದು ಬಂದು ಹಳೆಯದು ಹೋಗಿರುತ್ತದೆ. 16550ಎ ಚಿಪ್ಪಿಗೆ 16 ಬೈಟಿನ ಜಾಗ ಇದೆ, ಹಾಗಾಗಿ ಅದು ವೇಗದ ಮೋಡೆಮ್‌ಗೆ ಸರಿಹೋಗುತ್ತದೆ. ವಿಂಡೋಸ್ 98ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಮೋಡೆಮ್ಸ್ ತೆರೆದು ಡಯಾಗ್ನಾಸ್ಟಿಕ್ಸ್‌ನಲ್ಲಿ ಮೋರ್ ಇನ್ಫೋ ಒತ್ತಿದರೆ ಯಾವ ಚಿಪ್ಪೆಂದು ಕಾಣುತ್ತದೆ. ಹಳೆಯ ಚಿಪ್ಪಿದ್ದರೆ ಪೋರ್ಟಿನ ವೇಗವನ್ನು 19,200ಕ್ಕೆ ಇಳಿಸಿ ಹೊಂದಿಕೊಳ್ಳಿ, ಇಲ್ಲವೇ ಮುಂದೆ ಹೇಳುವ ಐಎಸ್‌ಎ ಕಾರ್ಡ್ ನೋಡಿ.

ಒಳಗೆ ಕೂರಿಸುವ ಐಎಸ್‌ಎ ಕಾರ್ಡು

ಹೊರಗಿನ ಡಬ್ಬಿಯಲ್ಲಿ ಇರುವುದೆಲ್ಲ ಒಂದು ಹಲಗೆಯ ಮೇಲೆ ಬಂದರೆ ಇದು. ಪೂರ್ತಿ ಹಾರ್ಡ್‌ವೇರ್ ಇರುವ ಕಾರ್ಡ್ ಸಿಕ್ಕರೆ ಅದರ ಸೀರಿಯಲ್ ಚಿಪ್ಪು ಅದರ ಮೇಲೇ ಇರುತ್ತದೆ. ಹಾಗಾಗಿ ಹಳೆಯ ಪೋರ್ಟ್ ಇರುವ 486ಗೆ ಹೊರಗಿನ ಮೋಡೆಮ್‌ಗಿಂತ ಇದೇ ಒಳ್ಳೆಯದು. ಅಡಾಪ್ಟರ್ ಬೇಡ, ಕೇಬಲ್ ಬೇಡ, ಮೇಜಿನ ಮೇಲೆ ಜಾಗವೂ ಬೇಡ.

ತಲೆನೋವು ಇರುವುದು ಐಆರ್‌ಕ್ಯೂ ಹಂಚಿಕೆಯಲ್ಲಿ, ಅಂದರೆ ಪ್ರೊಸೆಸರನ್ನು ಕರೆಯಲು ಪ್ರತಿ ಉಪಕರಣಕ್ಕೆ ಕೊಡುವ ನಂಬರಿನಲ್ಲಿ. ಸೀರಿಯಲ್ ಪೋರ್ಟುಗಳಿಗೆ ಕಾಮ್1, ಕಾಮ್2 ಎಂದು ಹೆಸರು. ಕಾಮ್1 ಮತ್ತು ಕಾಮ್3 ಎರಡಕ್ಕೂ ಐಆರ್‌ಕ್ಯೂ 4. ಕಾಮ್2 ಮತ್ತು ಕಾಮ್4ಕ್ಕೆ ಐಆರ್‌ಕ್ಯೂ 3. ಕಾಮ್1ರಲ್ಲಿ ಸೀರಿಯಲ್ ಮೌಸ್ ಇಟ್ಟುಕೊಂಡು ಮೋಡೆಮನ್ನು ಕಾಮ್3ಕ್ಕೆ ಕೂರಿಸಿದರೆ, ಡಯಲ್ ಶುರುವಾದ ಕ್ಷಣಕ್ಕೆ ಪರದೆಯ ಮೇಲಿನ ಬಾಣ ಕಲ್ಲಾಗುತ್ತದೆ. ನಾನು ಮೌಸ್ ಬಿಚ್ಚಿ ಉಂಡೆ ತೊಳೆದು ಒರೆಸಿ ಮತ್ತೆ ಹಾಕಿದ್ದೆ. ತಪ್ಪು ಇದ್ದದ್ದು ಕಾರ್ಡಿನ ಜಂಪರಿನಲ್ಲಿ, ಅಂದರೆ ಪಿನ್ನುಗಳನ್ನು ಸೇರಿಸಿ ಸೆಟ್ಟಿಂಗ್ ಬದಲಿಸುವ ಪುಟ್ಟ ಕ್ಲಿಪ್ಪಿನಲ್ಲಿ. ಜಂಪರ್ ಕಿತ್ತು ಕಾಮ್2ಕ್ಕೆ ಹಾಕಿ, ಬಯಾಸ್‌ನಲ್ಲಿ ಬೋರ್ಡಿನ ಕಾಮ್2 ಮುಚ್ಚಿದಮೇಲೆ ಎರಡೂ ಜೊತೆಗೆ ಓಡಿದವು. ಕಾರ್ಡ್ ಕೊಳ್ಳುವಾಗ ಜಂಪರ್ ಇರುವುದನ್ನೇ ಆರಿಸಿ, ಯಾವ ಜಂಪರ್ ಯಾವುದಕ್ಕೆ ಎಂದು ಹಲಗೆಯ ಮೇಲೇ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು.

ಪಿಸಿಐ ಕಾರ್ಡು, ಅಂದರೆ ಬಹುತೇಕ ಸಾಫ್ಟ್‌ಮೋಡೆಮ್

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದು. ಅಗ್ಗ ಯಾಕೆ ಅಂದರೆ ಅರ್ಧ ಮೋಡೆಮ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಸದ್ದನ್ನು ಬಿಟ್ಟುಗಳಾಗಿ ಬಿಡಿಸುವ ಕೆಲಸವನ್ನು ನಿಮ್ಮ ಪ್ರೊಸೆಸರ್ ಮಾಡಬೇಕು, ವಿಂಡೋಸ್‌ನ ಡ್ರೈವರ್ ಮೂಲಕ. ವಿನ್‌ಮೋಡೆಮ್ ಎಂದು ಹೆಸರು ಬಿದ್ದದ್ದೂ ಅದಕ್ಕೇ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಚಿಕ್ಕ ಹಲಗೆ, ಒಂದೋ ಎರಡೋ ಚಿಪ್ಪು, ಉಳಿದದ್ದು ಖಾಲಿ.

ಪೆಂಟಿಯಂ 2 ಅಥವಾ ಅದಕ್ಕಿಂತ ಮೇಲಿನ ಯಂತ್ರ, ವಿಂಡೋಸ್ 98 ಅಥವಾ ಎಕ್ಸ್‌ಪಿ, ಕೈಯಲ್ಲಿ ಸರಿಯಾದ ಡ್ರೈವರ್. ಈ ಮೂರೂ ಇದ್ದರೆ ಧೈರ್ಯವಾಗಿ ಹಾಕಿ, ಚೆನ್ನಾಗಿಯೇ ಓಡುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ. ಹಳೆಯ ಪೆಂಟಿಯಂನಲ್ಲಿ ಪುಟ ತೆರೆಯುವಾಗಲೇ ಪ್ರೊಸೆಸರ್ ಏದುಸಿರು ಬಿಡುತ್ತಿರುತ್ತದೆ, ಅದರ ಮೇಲೆ ಮೋಡೆಮ್‌ನ ಹೊರೆಯೂ ಬಿದ್ದರೆ ಲೈನ್ ಕಡಿಯುತ್ತದೆ. ಡಾಸ್‌ನಲ್ಲಿ ಇವು ನಂಬುವಂಥದ್ದಲ್ಲ, ಲಿನಕ್ಸ್‌ನಲ್ಲಿ ಕೆಲವಕ್ಕೆ ಮಾತ್ರ ಡ್ರೈವರ್ ಇದೆ. ಡ್ರೈವರ್ ಹುಡುಕುವಾಗ ಡಬ್ಬಿಯ ಮೇಲಿನ ಬ್ರ್ಯಾಂಡ್ ಹೆಸರು ಬಿಟ್ಟು ದೊಡ್ಡ ಚಿಪ್ಪಿನ ಮೇಲೆ ಏನಿದೆ ನೋಡಿ. ಲೂಸೆಂಟ್, ಕೊನೆಕ್ಸಂಟ್ ಅಂತ ಇರುತ್ತದೆ, ಹುಡುಕಬೇಕಾದ್ದು ಆ ಹೆಸರಿನಲ್ಲಿ.

ಯುಎಸ್‌ಬಿ ಮೋಡೆಮ್

ಹಳೆಯ ಯಂತ್ರದ ಪಕ್ಕಕ್ಕೆ ಇದನ್ನು ನಾನು ಹೇಳುವುದಿಲ್ಲ. ವಿಂಡೋಸ್ 95ರಲ್ಲಿ ಯುಎಸ್‌ಬಿ ನೆಚ್ಚಿಕೊಳ್ಳುವ ಹಾಗಿಲ್ಲ, 98ಕ್ಕೆ ಹೊಂದುವ ಡ್ರೈವರ್ ಇಲ್ಲದ ಮಾಡೆಲ್‌ಗಳೇ ಜಾಸ್ತಿ. ಎಕ್ಸ್‌ಪಿ ಲ್ಯಾಪ್‌ಟಾಪಿಗೆ, ಲಿನಕ್ಸ್ ಯಂತ್ರಕ್ಕೆ ಆದರೆ ಒಳ್ಳೆಯ ಆಯ್ಕೆ. ಯುಎಸ್‌ರೋಬೋಟಿಕ್ಸ್‌ನ 5637ರ ಥರ, ನಿಯಂತ್ರಣದ ಚಿಪ್ಪು ಒಳಗೇ ಇರುವ ಮಾಡೆಲ್ ಆದರೆ ಲಿನಕ್ಸ್ ಅದನ್ನು ಸೀರಿಯಲ್ ಮೋಡೆಮ್ ಎಂದೇ ಗುರುತಿಸುತ್ತದೆ. ಮುಂದಿನ ದಾರಿಯಲ್ಲಿ ಇದು ಬೇಕಾಗುತ್ತದೆ.

ಆ ಕಡೆ ಯಾರೂ ಇಲ್ಲದಿದ್ದರೆ

ಸೇವೆ ಕೊಡುವ ಕಂಪನಿ ಸಿಗಲಿಲ್ಲವಾ? ಹಾಗಾದರೆ ಆ ತುದಿಯನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ನನಗೆ ತುಂಬ ಇಷ್ಟವಾದ ದಾರಿ ಇದು. ಒಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್, ಅದಕ್ಕೊಂದು ಯುಎಸ್‌ಬಿ ಮೋಡೆಮ್, ಹಳೆಯ ಕಂಪ್ಯೂಟರಿಗೆ ಅದರದ್ದೇ ಮೋಡೆಮ್, ಎರಡರ ನಡುವೆ ಫೋನ್ ಲೈನಿನ ಕೆಲಸ ಮಾಡುವ ಏನಾದರೊಂದು. ಪೈ ಮೇಲೆ ಎಂಗೆಟ್ಟಿ ಎಂಬ ಪ್ರೋಗ್ರಾಂ ಕರೆ ಎತ್ತುತ್ತದೆ, ಪಿಪಿಪಿಡಿ ಎಂಬ ಇನ್ನೊಂದು ಇಂಟರ್ನೆಟ್ ಹಂಚುತ್ತದೆ. ವಿಂಡೋಸ್ 98ರ ಕಣ್ಣಿಗೆ ಅದು ನಿಜವಾದ ಡಯಲ್-ಅಪ್ ಕಂಪನಿಯೇ.

ನಡುವಿನ ಲೈನಿಗೆ ಎರಡು ಉಪಾಯ ಇವೆ. ಎರಡು ಫೋನ್ ಜಾಕ್ ಇರುವ ವಿಒಐಪಿ (ನೆಟ್‌ವರ್ಕಿನ ಮೇಲೆ ಫೋನ್ ಕರೆ ಸಾಗಿಸುವ) ಅಡಾಪ್ಟರ್ ತಂದರೆ ಡಯಲ್ ಟೋನ್, ರಿಂಗ್ ಎಲ್ಲ ಅದೇ ಕೊಡುತ್ತದೆ. ಒಂದು ಜಾಕಿನಿಂದ ಇನ್ನೊಂದಕ್ಕೆ ಕರೆ ಹೋಗುವ ಹಾಗೆ ಹೊಂದಿಸಿ. ಕೋಡೆಕ್ ಜಿ.711 ಇರಲಿ, ಎಕೋ ಕ್ಯಾನ್ಸಲೇಷನ್ ಮತ್ತು ಸೈಲೆನ್ಸ್ ಸಪ್ರೆಷನ್ ತೆಗೆಯಿರಿ, ಜಿಟರ್ ಬಫರ್ ಬದಲಾಗದ ಹಾಗೆ ಕಟ್ಟಿಹಾಕಿ. ಮಾತಿಗೆ ಒಳ್ಳೆಯದು ಮಾಡುವ ಈ ಸೌಲಭ್ಯಗಳೇ ಮೋಡೆಮ್‌ಗೆ ಶತ್ರು. ಇನ್ನೊಂದು ಉಪಾಯದಲ್ಲಿ ಅಡಾಪ್ಟರೂ ಬೇಡ. ಎರಡು ಮೋಡೆಮ್‌ಗಳನ್ನೂ ಮಾಮೂಲಿ ಫೋನ್ ವೈರಿನಲ್ಲಿ ನೇರ ಸೇರಿಸಿ, ಡಯಲ್ ಟೋನ್‌ಗೆ ಕಾಯಬೇಡ ಎನ್ನಲು ಒಂದರಲ್ಲಿ ಎಟಿಎಕ್ಸ್3ಡಿ, ಎತ್ತಿಕೋ ಎನ್ನಲು ಇನ್ನೊಂದರಲ್ಲಿ ಎಟಿಎ ಟೈಪ್ ಮಾಡಿ. ಕೆಲವು ಮೋಡೆಮ್‌ಗಳು ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ಒಪ್ಪುವುದಿಲ್ಲ. ಆಗ ಎರಡು ತಂತಿಗಳಲ್ಲಿ ಒಂದರ ಮಧ್ಯೆ 9 ವೋಲ್ಟಿನ ಬ್ಯಾಟರಿ, ಅದರ ಜೊತೆಗೆ 300 ಓಮ್ ಆಸುಪಾಸಿನ ರೆಸಿಸ್ಟರ್ ಸೇರಿಸುತ್ತಾರೆ. ಇದನ್ನು ಗೋಡೆಯ ಫೋನ್ ಲೈನಿಗೆ ಯಾವತ್ತೂ ಸೇರಿಸಬೇಡಿ. ಯಾವ ಉಪಾಯವಾದರೂ ವೇಗ 33,600ರ ಒಳಗೇ. ಕರೆಯ ಬಿಲ್ ಇಲ್ಲ, ಯಾರೂ ನಿಲ್ಲಿಸುವುದೂ ಇಲ್ಲ. ಆದರೆ ಲಿನಕ್ಸ್ ಕಡತ ತಿದ್ದುವ ತಾಳ್ಮೆ ಬೇಕು, ಒಂದು ವಾರಾಂತ್ಯ ಪೂರ್ತಿ ಹೋಗುತ್ತದೆ.

ಅಷ್ಟು ಬೇಡ ಅನ್ನುವವರಿಗೆ ವೈಫೈ ಮೋಡೆಮ್. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೆ ಇಎಸ್‌ಪಿ8266 ಅಥವಾ ಇಎಸ್‌ಪಿ32 ಚಿಪ್ಪು, ಸೀರಿಯಲ್ ಪೋರ್ಟಿಗೆ ಚುಚ್ಚುವುದು. ಹಳೆಯ ಎಟಿ ಆಜ್ಞೆಗಳಿಗೆ ಉತ್ತರ ಕೊಡುತ್ತದೆ, ಫೋನ್ ನಂಬರಿನ ಜಾಗದಲ್ಲಿ ಇಂಟರ್ನೆಟ್ ವಿಳಾಸ ಡಯಲ್ ಮಾಡುತ್ತೀರಿ. ಟೆಲ್ನೆಟ್‌ನಲ್ಲಿ ಇನ್ನೂ ನಡೆಯುತ್ತಿರುವ ಬಿಬಿಎಸ್‌ಗಳನ್ನು, ಅಂದರೆ ಹಳೆಯ ಕಾಲದ ಬರಹದ ಚರ್ಚಾ ಫಲಕಗಳನ್ನು, ನೋಡಲು ಇದಕ್ಕಿಂತ ಸಲೀಸು ಇನ್ನೊಂದಿಲ್ಲ. ವೆಬ್ ಪುಟ ಬೇಕಾದರೆ ಮಾತ್ರ ಅದರ ಫರ್ಮ್‌ವೇರಿನಲ್ಲಿ ಸೀರಿಯಲ್ ಲೈನಿನ ಮೇಲೆ ಇಂಟರ್ನೆಟ್ ಸಾಗಿಸುವ ಪಿಪಿಪಿ ಅಥವಾ ಸ್ಲಿಪ್ ಇದೆಯಾ ಎಂದು ಕೊಳ್ಳುವ ಮುಂಚೆಯೇ ಕೇಳಿ, ಎಲ್ಲದರಲ್ಲೂ ಇರೋದಿಲ್ಲ. ರೌಟರಿನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಚಾಲೂ ಇರಬೇಕು. ಆ ಕೀರಲು ಸದ್ದು ಇದರಲ್ಲಿ ಬರೋದಿಲ್ಲ.

ಇನ್ನೂ ಅಗ್ಗದ ದಾರಿ ನಲ್-ಮೋಡೆಮ್ ಕೇಬಲ್. ಹಳೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿನಿಂದ ಲಿನಕ್ಸ್ ಯಂತ್ರಕ್ಕೆ ನೇರ ಕೇಬಲ್. ವಿಂಡೋಸ್ ಕ್ಲೈಂಟ್ ಎಂದು ಕರೆಯುತ್ತದೆ, ಈ ಕಡೆ ಕ್ಲೈಂಟ್‌ಸರ್ವರ್ ಎಂದು ಉತ್ತರ ಕೊಟ್ಟು ಪಿಪಿಪಿ ಶುರು ಮಾಡಬೇಕು. ವೇಗ 1,15,200 ಬಿಟ್, ಅಂದರೆ 1 ಎಂಬಿಗೆ ಒಂದೂವರೆ ನಿಮಿಷ. ಯಾವ ಡಯಲ್-ಅಪ್‌ಗಿಂತಲೂ ಜಾಸ್ತಿ.

ಫೈಲ್ ತಲುಪಿಸುವುದಷ್ಟೇ ಮುಖ್ಯ ಅನ್ನುವವರಿಗೆ ಮೋಡೆಮ್ ಬೇಡವೇ ಬೇಡ, ನೆಟ್‌ವರ್ಕ್ ಕಾರ್ಡ್ ಹಾಕಿ. ಪಿಸಿಐ ಸ್ಲಾಟ್ ಇದ್ದರೆ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡ್, ಐಎಸ್‌ಎ ಆದರೆ ಎನ್‌ಇ2000ಕ್ಕೆ ಹೊಂದುವುದು ಅಥವಾ 3ಕಾಮ್‌ನ 3ಸಿ509. 1 ಎಂಬಿ ಒಂದೆರಡು ಸೆಕೆಂಡಿನಲ್ಲಿ ಬಂದುಬಿಡುತ್ತದೆ.

ಸಂಪರ್ಕ ಸಿಕ್ಕಮೇಲೆ

ಇಲ್ಲಿ ಜನಕ್ಕೆ ಬೇಸರವಾಗುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು. ಯಾವ ದಾರಿಯಲ್ಲಿ ಹೋದರೂ ಹಳೆಯ ಬ್ರೌಸರಿನಲ್ಲಿ ಇವತ್ತಿನ ಜಾಲತಾಣಗಳು ಹೆಚ್ಚಿನವು ತೆರೆಯೋದಿಲ್ಲ. ಅವು ಕೇಳುವುದು ಮಾಹಿತಿಯನ್ನು ಗುಟ್ಟಾಗಿ ಕಳಿಸುವ ಮಾನದಂಡವಾದ 2008ರ ಟಿಎಲ್‌ಎಸ್ 1.2 ಅಥವಾ ಅದರ ಮುಂದಿನದು. ವಿಂಡೋಸ್ 98ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಅದು ಗೊತ್ತಿಲ್ಲ. ತೆರೆದರೂ 2 ಎಂಬಿಯ ಒಂದು ಪುಟಕ್ಕೆ 6 ನಿಮಿಷ ಕಾಯಬೇಕು. ಫ್ರಾಗ್‌ಫೈಂಡ್‌ನಂಥ ತಾಣಗಳು ಹುಡುಕಿದ ಪುಟದ ಬರಹವನ್ನು ಮಾತ್ರ ಸೋಸಿ ಹಳೆಯ ಬ್ರೌಸರಿಗೆ ಕೊಡುತ್ತವೆ. ಮನೆಯಲ್ಲಿ ಪೈ ಇದ್ದರೆ ಅದರ ಮೇಲೆ ವೆಬ್‌ಒನ್ ಎಂಬ ಪ್ರಾಕ್ಸಿ, ಅಂದರೆ ನಡುವೆ ನಿಂತು ಪುಟ ತಂದುಕೊಡುವ ಪ್ರೋಗ್ರಾಂ, ಓಡಿಸಬಹುದು. ಪಾಸ್‌ವರ್ಡ್ ಹಾಕುವ, ದುಡ್ಡಿನ ಯಾವ ಕೆಲಸವನ್ನೂ ಆ ಯಂತ್ರದಲ್ಲಿ ಮಾಡಬೇಡಿ.

ಹೊರಗಿನ ಸೇವೆಗೆ ಡಯಲ್ ಮಾಡುವವರು ಇನ್ನೊಂದು ನೋಡಬೇಕು. ನೇರ ಸಂಪರ್ಕದಲ್ಲಿ ನಡುವೆ ರೌಟರ್ ಇರೋದಿಲ್ಲ, ನಿಮ್ಮ ಯಂತ್ರ ಇಂಟರ್ನೆಟ್ಟಿಗೆ ತೆರೆದ ಬಾಗಿಲು. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಯಲ್-ಅಪ್‌ನ ಟಿಸಿಪಿ/ಐಪಿ ಆರಿಸಿ, ಫೈಲ್ ಮತ್ತು ಪ್ರಿಂಟರ್ ಹಂಚಿಕೆಯ ಗುರುತು ತೆಗೆಯಿರಿ. ಡಯಲ್-ಅಪ್ ನೆಟ್‌ವರ್ಕಿಂಗ್‌ನ ಸರ್ವರ್ ಟೈಪ್ಸ್ ಪುಟದಲ್ಲಿ ಟಿಸಿಪಿ/ಐಪಿ ಒಂದನ್ನು ಬಿಟ್ಟು ಉಳಿದ ಪ್ರೋಟೋಕಾಲ್ ತೆಗೆಯಿರಿ, ‘ಲಾಗ್ ಆನ್ ಟು ನೆಟ್‌ವರ್ಕ್’ ಗುರುತನ್ನೂ ತೆಗೆಯಿರಿ. ಲಾಗಿನ್ ಆಗಲು ಹಿಡಿಯುವ ಹೊತ್ತು ಇದರಿಂದ ಕಡಿಮೆಯಾಗುತ್ತದೆ. ಕರೆ ಮಧ್ಯೆ ಇನ್ನೊಂದು ಕರೆ ಬಂದ ಟಿಂಗ್ ಸದ್ದಿಗೂ ಲೈನ್ ಕಡಿಯಬಹುದು, ಕಾಲ್ ವೇಟಿಂಗ್ ನಿಲ್ಲಿಸಿ.

ಈಗ ನಿಮಗೆ ಯಾವುದು?

ತಾಮ್ರದ ಲೈನು, ನಡೆಯುತ್ತಿರುವ ಸೇವೆ, ಒಳ್ಳೆಯ ಸೀರಿಯಲ್ ಪೋರ್ಟ್ ಇದ್ದರೆ ಸ್ವಲ್ಪ ಜಾಸ್ತಿ ದುಡ್ಡು ಹೋದರೂ ಹೊರಗಿನ ವಿ.90 ಸೀರಿಯಲ್ ಮೋಡೆಮ್ ಕೊಳ್ಳಿ. ಕೈಯಲ್ಲಿ ದುಡ್ಡು ಕಡಿಮೆ, ಯಂತ್ರ ಪೆಂಟಿಯಂ 2ರ ಮೇಲೆ, ವಿಂಡೋಸ್ ಇದ್ದೇ ಇದೆ ಎಂದರೆ ಪಿಸಿಐ ಸಾಫ್ಟ್‌ಮೋಡೆಮ್ ಸಾಕು, ಡ್ರೈವರ್ ಸಿಕ್ಕಮೇಲೆ ಕೊಳ್ಳಿ. 486 ಆದರೆ ಜಂಪರ್ ಇರುವ ಐಎಸ್‌ಎ ಕಾರ್ಡ್. ಫೈಬರ್ ಡಬ್ಬಿಯ ಲೈನ್ ಆದರೆ ಹೊರಗಿನ ಮೋಡೆಮೇ ಇರಲಿ, ಆದರೆ ವಿ.92 ಎಂದು ಜಾಸ್ತಿ ದುಡ್ಡು ಕೊಡಬೇಡಿ. ಆಜ್ಞೆ ಕೊಟ್ಟು ಅದರ ವೇಗವನ್ನು ವಿ.34ಕ್ಕೆ, ಬೇಕಾದರೆ ಅದಕ್ಕೂ ಕೆಳಗಿನ ವಿ.32ಬಿಸ್‌ಗೆ, ಅಂದರೆ 14,400ಕ್ಕೆ ಕಟ್ಟಿದರೆ ಲೈನ್ ಕಡಿಯುವುದು ಕಡಿಮೆಯಾಗುತ್ತದೆ.

ಸೇವೆಯೇ ಇಲ್ಲ, ಆದರೆ ಆ ಸದ್ದು ಕೇಳಲೇಬೇಕು ಅನ್ನುವವರಿಗೆ ಪೈ ಮತ್ತು ಎರಡು ಮೋಡೆಮ್. ಸದ್ದು ಇಲ್ಲದಿದ್ದರೂ ನಡೆಯುತ್ತದೆ, ಬಿಬಿಎಸ್ ನೋಡಬೇಕು ಅನ್ನುವವರಿಗೆ ವೈಫೈ ಮೋಡೆಮ್. ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಮೊದಲು ಹೊರಗಿನ ಸೀರಿಯಲ್ ಮೋಡೆಮ್ ಒಂದನ್ನು ಕೊಂಡಿಡಿ. ಪೈ ಕಡೆಗೆ ಹೋದರೂ, ಮುಂದೆ ಯಾವತ್ತಾದರೂ ನಿಜವಾದ ಸೇವೆ ಸಿಕ್ಕರೂ, ಹಳೆಯ ಕಂಪ್ಯೂಟರಿನ ಈ ತುದಿಗೆ ಅದೇ ಡಬ್ಬಿ ಬಳಕೆಗೆ ಬರುತ್ತದೆ.